ಒಂದು ಪೈಪು ಬಿಸಿ

ಬಾಗಿಲು ಹಾಕು ತುರ್ದಾಕುನ್,
ನಾರಿನ್ ನದಿ ಹೊರಗೆ ಹೆಪ್ಪುಗಟ್ಟಿದ್ದು ಸಾಲದೆ?
ಮೈನಸ್ ಇಪ್ಪತ್ತೇಳು. ಬರಿಗೈಲಿ ಹಿಡಿದರೆ
ಸ್ಪ್ಯಾನರು ತೊಗಲನ್ನೇ ಬಡ್ಡಿ ಕೇಳುತ್ತದೆ.

ಏನಂದೆ? ಹೀಟರ್ ಹಾಕಿದರೆ ತಣ್ಣನೆ ಗಾಳಿ.
ಬಿಷ್ಕೆಕ್‌ವರೆಗೆ ಆರು ಗಂಟೆ,
ಹಿಂದಿನ ಸೀಟಿನ ಮೂವರು ಒಂದೇ ಕಂಬಳಿಯೊಳಗೆ ನೆಂಟರಾದರು,
ಮುಂದಿನವನು ಕ್ಯಾಸೆಟ್ಟಿನ ಡಬ್ಬಿಯಿಂದ ಗಾಜು ಕೆರೆಯುತ್ತ ಕೂತ,
ಅವನಿಗೆ ಅರ್ಧ ಚಾರ್ಜು ಬಿಟ್ಟೆ.
ಸರಿ. ಕೀಲಿ ಕೊಡು.
ನೀನು ಹೇಳಿದ್ದು ಸಾಕು, ಇನ್ನು ಕಾರು ಹೇಳಲಿ.

ಕೆಮ್ಮಿ, ಕ್ಯಾಕರಿಸಿ, ಎದ್ದಿತು ಮುದಿ ಆಡಿ.
ಡಬ್ಬಿಯಲ್ಲಿ ಕೂಲಂಟ್ ಗೆರೆಯ ತನಕ ಇದೆ.
ಮುಳ್ಳು ಮೆಲ್ಲಗೆ ಏರಿ ತೊಂಬತ್ತಕ್ಕೆ ನಿಂತಿತು.
ಥರ್ಮೋಸ್ಟಾಟಿನ ತಪ್ಪಿಲ್ಲ ಪಾಪ,
ಎಲ್ಲರೂ ಮೊದಲು ಅದನ್ನೇ ಬೈಯುವುದು,
ಹಾಲು ಉಕ್ಕಿದರೆ ಸೊಸೆಯನ್ನು ಬೈದ ಹಾಗೆ.
ಗುಂಡಿ ತಿರುಗಿಸಿದೆ. ತಂತಿ ಎಳೆಯಿತು, ನಲ್ಲಿ ತೆರೆಯಿತು.
ಇನ್ನು ಉಳಿದದ್ದು ಕೈ.

ಇಲ್ಲಿ ಬಾ. ಇಂಜಿನ್ನಿನ ಹಿಂದೆ,
ತಗಡಿನ ಗೋಡೆ ತೂರಿ ಒಳಹೋಗುವ ಎರಡು ಪೈಪು.
ಒಂದು ಹೋಗುವುದು, ಒಂದು ಬರುವುದು.
ಮುಟ್ಟು.
ಹೋಗುವುದು, ಸಮೋವಾರಿನ ಹೊಟ್ಟೆ.
ಬರುವುದು, ಸತ್ತ ಮೀನು.
ನಡುವೆ ಯಾರೋ ಕೂತು ನುಂಗುತ್ತಿದ್ದಾರೆ.

ಕಳಚಿದೆ. ಬಕೆಟ್ಟು ಇಟ್ಟೆ.
ಬರುವ ಬಾಯಿಗೇ ನೀರು ಬಿಟ್ಟೆ, ಹಿಂದುಮುಂದಾಗಿ.
ಮೊದಲು ಏನೂ ಇಲ್ಲ.
ಆಮೇಲೊಂದು ತೇಗು.
ಆಮೇಲೆ ಹಳದಿ ಕೆಸರು, ಉಂಡೆ ಉಂಡೆ,
ಮೂಗಿಗೆ ಅಡರಿದ ಘಾಟು,
ಹದಿನೆಂಟು ವರ್ಷದಿಂದ ಈ ಶೆಡ್ಡಿನಲ್ಲಿ ಅಳದ ನನ್ನ ಕಣ್ಣಲ್ಲಿ ನೀರು.

ಸಾಸಿವೆ!
ರೇಡಿಯೇಟರಿಗೆ ಯಾರು ಸುರಿದದ್ದು ಸಾಸಿವೆ ಪುಡಿ?
ಸೋರುವುದನ್ನು ನಿಲ್ಲಿಸಲು ಹಳಬರ ಮದ್ದು ಅದು,
ಗಾಯ ಯಾವುದು ಬಾಯಿ ಯಾವುದು ಅದಕ್ಕೆ ಗೊತ್ತಾಗದು,
ತೆರೆದದ್ದನ್ನೆಲ್ಲ ಮುಚ್ಚುತ್ತದೆ.
ನಾನಲ್ಲ, ಎಂದು ಟೋಪಿ ಮುಟ್ಟಿ ಆಣೆ ಇಟ್ಟೆ ನೀನು.
ಬೈಗುಳ ನನ್ನ ನಾಲಗೆಯ ತುದಿಗೆ ಬಂದಿತ್ತು. ಆಗ
ಚಹದ ಫ್ಲಾಸ್ಕು ಹಿಡಿದು ಬಾಗಿಲಲ್ಲಿ ನಿಂತಿದ್ದ ನಿನ್ನ ಹೆಂಡತಿ ಕಾಲಿಪಾ,
"ನಾನು" ಎಂದಳು.

ಹೋದ ನವೆಂಬರು, ನಿನ್ನ ಕಾಲಿಗೆ ಪ್ಲಾಸ್ಟರು.
ಕಂತು ಕಟ್ಟಬೇಕಿತ್ತು, ಇವಳು ಓಡಿಸಿದಳು.
ದೊಲೋನ್ ಘಾಟಿಯ ನೆತ್ತಿಯಲ್ಲಿ ಹಬೆ ಎದ್ದಿತು,
ಕತ್ತಲೆ, ಫೋನಿಗೆ ಸಿಗ್ನಲ್ಲಿಲ್ಲ, ಹಿಂದಿನ ಸೀಟಿನಲ್ಲಿ
ಹನ್ನೆರಡು ದಿನದ ಕೂಸು.
ಅಜ್ಜಿಯೊಬ್ಬಳು ಸಂತೆಚೀಲ ತಡಕಿ ಪೊಟ್ಟಣ ತೆಗೆದಳಂತೆ,
"ಇದು ಹಿಡಿಯುತ್ತದೆ, ಸುರಿ ಮಗಳೇ."
ಡಬ್ಬದಲ್ಲಿ ಹಿಮ ಕರಗಿಸಿ ಕಲಸಿ ಸುರಿದರಂತೆ.
ಹಿಡಿಯಿತು. ಊರು ಮುಟ್ಟಿಸಿತು.
"ಹೇಳಿದ್ದರೆ ನೀನು ಕೀಲಿ ಕಿತ್ತುಕೊಳ್ಳುತ್ತಿದ್ದೆ."

ಬಕೆಟ್ಟಿಗೆ ತೊಟ್ಟಿಕ್ಕುವ ಸದ್ದು ಬಿಟ್ಟರೆ
ಯಾರೂ ಏನೂ ಅನ್ನಲಿಲ್ಲ.
ನಾನು ಬೈಗುಳ ನುಂಗಿದೆ. ಖಾರವಿತ್ತು.

ನಿಂಬೆಹುಳಿ ಪುಡಿಯ ನೀರು ಎರಡು ಸಲ,
ಬರಿ ನೀರು ನಾಲ್ಕು ಸಲ, ಬಕೆಟ್ಟಿನ ತಳ ಕಾಣುವವರೆಗೆ.
ಪೈಪು ಸಿಕ್ಕಿಸಿ, ಕೂಲಂಟ್ ತುಂಬಿ,
ಮುಂದಿನ ಚಕ್ರ ದಿಬ್ಬಕ್ಕೆ ಹತ್ತಿಸಿ, ಮೂತಿ ಮೇಲೆ ಮಾಡಿ,
ಕೆಚ್ಚಲು ಹಿಂಡಿದ ಹಾಗೆ ಪೈಪು ಹಿಂಡಿದೆ.
ಒಳಗೆ ಸಿಕ್ಕಿಕೊಂಡ ಗಾಳಿ ಗುಳುಗುಳು ಎಂದು ಹೊರಬಿತ್ತು.
ಈಗ ಮುಟ್ಟು. ಎರಡೂ ಒಂದೇ.

ಗಾಜಿನ ಬುಡದಲ್ಲಿ ತಟ್ಟೆಯಗಲ ಮಂಜು ಬಿಟ್ಟಿತು,
ಅದರಾಚೆ ನನ್ನ ಬೇಲಿ, ಬೇಲಿಯ ಮೇಲೆ ಒಂದು ಕಾಗೆ.

ಒಂಬೈನೂರು ಸೋಮ್. ಚೌಕಾಸಿ ಬೇಡ, ಇನ್ನೂ ಕೇಳು,
ಸಾಸಿವೆ ತೊಳೆದುಹೋಯಿತು, ಅದು ಮುಚ್ಚಿದ್ದ ಬಿರುಕು
ಇಂದೋ ನಾಳೆಯೋ ಬಾಯಿ ಬಿಡುತ್ತದೆ.
ಗುರುವಾರ ತನ್ನಿ, ಬೆಸೆಯೋಣ.
ಅಲ್ಲಿಯತನಕ ಘಾಟಿ ಹತ್ತಬೇಡಿ.
ಹತ್ತಲೇಬೇಕಾಗಿ ಬಂದರೆ
ಅವಳು ಓಡಿಸಲಿ.