ಸೀಸನ್ನಿಗೆ ಹನ್ನೊಂದು ದಿನ ಮದಲ

ಹ್ವಾದ ವರ್ಷ ಹತ್ತು ಆಟ.
ಏಳು ಸೋತ್ವಿ, ಎರಡು ಗೆದ್ವಿ,
ಒಂದು ಸಮ ಆತು, ಯಾಕಂದ್ರ ಕರೆಂಟ್ ಹೋತು.
ನೂಲು ಎಷ್ಟು ಬಂತು, ಸೀರಿ ಎಷ್ಟು ಹೋದ್ವು
ಅಂತ ಬರೀತಿದ್ದ ವಹಿಯೊಳಗ
ಇದನ್ನೂ ಬರದಿಟ್ಟೀನಿ. ಸುಳ್ಳು ಬರಿಯಾಂಗಿಲ್ಲ.

ಕಾರಹುಣ್ಣಿವಿಗೆ ಕರಿ ಹರದಾಗ
ಯಾವ ಬಣ್ಣದ ಎತ್ತು ಮುಂದ ಬಂತು ನೋಡಿ
ಬೆಳಿ ಹೇಳಾವರು ಇದ್ದಾರ.
ನಾ ಹುಡುಗರ ಮಣಕಾಲ ನೋಡಿ ಹೇಳತೀನಿ:
ನಮ್ಮ ವಡಗಾವಿ ಲಾಳಿ ತಂಡ
ಈ ಸಲ ನಾಕನೇ ನಂಬರ.
ಎಂಟರಾಗ ನಾಕನೇದು.
ನಗಬ್ಯಾಡ್ರಿ.

ಗೋಲ್ ಕಾಯಾಂವ ಸಮೀವುಲ್ಲಾ ಬಾಗವಾನ.
ಎಪಿಎಂಸಿಯೊಳಗ ಲಾರಿ ಮ್ಯಾಲಿಂದ ಒಗದ ಕಲ್ಲಂಗಡಿ
ಬೆಳತನಕ ಹಿಡೀತಾನ, ಒಂದೂ ಒಡದಿಲ್ಲ.
ಚೆಂಡು ಅವನ ಕೈಗೆ ಹಗುರ,
ಅದ ನಮ್ಮ ತ್ರಾಸು:
ಭಾರ ಇಲ್ಲದ್ದರ ಕಡೆ ಅವ ಲಕ್ಷ ಕೊಡಾಂಗಿಲ್ಲ.

ಹಿಂದ ಜಿನ್ನಪ್ಪ ಚೌಗುಲೆ.
ಮೇ ತಿಂಗಳಾಗ ಮದಿವಿ ಆತು, ಎಂಟು ಕಿಲೊ ಏರ್ಯಾನ.
ಅಗಲ ಆಗಿದ್ದು ಛಲೋನ ಆತು ಅಂತೀನಿ.
ಹೊತ್ತು ಮುಳುಗೂ ಮದಲ ಉಂಡು ಬರತಾನ,
ರಾತ್ರಿ ಒಂಬತ್ತರ ಆಟಕ್ಕ
ಅವನೊಬ್ಬನ ಹೊಟ್ಟಿ ಹಗುರ.

ರೋಷನ್ ಹ್ವಾದ.
ಕ್ಯಾಂಪಿನವರು ಎರಡು ಜೋಡಿ ಬೂಟು,
ಗಾಡಿಗೆ ಪೆಟ್ರೋಲು ಕೊಡತೇವಂದ್ರು.
ಅವನ ಹೆಸರ ಬಂದ್ರ ಹುಡುಗರು ಉಗುಳತಾರ.
ನಾ ಉಗುಳಾಂಗಿಲ್ಲ. ಹರಕ ಬೂಟಿಗೆ ನನ್ನ ಕೈಲೆ
ಮೂರು ಸಲ ಹೊಲಿಗಿ ಹಾಕಿಸ್ಕೊಂಡ ಹುಡುಗ ಅಂವ.

ಅವನ ಜಾಗಾಕ್ಕ ಓಂಕಾರ ಗೋಜಗೇಕರ,
ಹದಿನೇಳು ವರ್ಷ, ಸೈಕಲ್ ತುಳಕೋತ ಬರತಾನ.
ಕನ್ನಡ ಅರ್ಧ, ಮರಾಠಿ ಅರ್ಧ, ಎಡಗಾಲು ಪೂರಾ.
ಮನ್ನೆ ಚೆಂಡು ಗ್ವಾಡಿಗೆ ಕೊಟ್ಟ,
ಜಿನ್ನಪ್ಪನ್ನ ಬಳಸಿ ಹೋಗಿ
ಗ್ವಾಡಿ ಕಡಿಂದ ತಿರಗಿ ಇಸಗೊಂಡ.
ಗ್ವಾಡೀನೂ ನಮ್ಮ ಕಡೆ ಆಡತೈತಿ ಅಂತ
ಅವಗ ಯಾರು ಹೇಳಿದ್ರೋ.

ಈ ಶೆಡ್ ನನಗ ಗೊತ್ತು.
ಇಪ್ಪತ್ತನಾಕು ಮಗ್ಗ ಇದ್ದುವು, ಹನ್ನೆರಡನೇದು ನಂದು.
ಮಗ್ಗ ಗುಜರಿಗೆ ಹೋದ್ವು,
ಬೋಲ್ಟಿನ ತೂತಿಗೆ ಸಿಮೆಂಟ್ ಮೆತ್ತಿದ್ರು, ಮ್ಯಾಲ ಹಸರ ಹಾಸಿದ್ರು.
ಈಗೂ ಹನ್ನೆರಡನೇ ಮಗ್ಗದ ಜಾಗಾಕ್ಕ ಬಿದ್ದ ಚೆಂಡು
ಒಂದು ಗೇಣು ಎಡಕ್ಕ ಹೊಳ್ಳತೈತಿ.
ಹೊರಗಿನವರಿಗೆ ಗೊತ್ತಿಲ್ಲ.
ಓಂಕಾರಗ ಹೇಳೀನಿ.
ರೋಷನ್‌ಗೂ ಹೇಳಿದ್ದೆ ಆವಾಗ. ಅದ ಚಿಂತಿ.

ಮಳಿ ಹಿಡದ್ರ ತಗಡಿನ ಸಪ್ಪಳಕ್ಕ ಸೀಟಿ ಕೇಳಾಂಗಿಲ್ಲ.
ಮಗ್ಗದ ಸಪ್ಪಳದಾಗ ತುಟಿ ನೋಡಿ
ಮಾತು ತಿಳಕೊಂಡ ಜನ ನಾವು.
ರೆಫರಿ ಗಲ್ಲ ಉಬ್ಬೂದರಾಗ
ನಾ ಒದರಿರತೀನಿ, ಫೌಲ್!

ಇನ್ನ ಬಲಿ.
ಎಳಿಗೆ ಎಳಿ ಕೆಚ್ಚಿದ ಬಳ್ಳು ಅಂತ
ವರ್ಷಾ ನನಗ ಕೊಡತಾರ ಗಂಟು ಹಾಕಾಕ.
ನಮ್ಮ ಗೋಲಿನ ಎಡಕ್ಕ, ಮ್ಯಾಲ, ಒಂದು ಹರಕ.
ಹ್ವಾದ ವರ್ಷ ಅನಗೋಳದವರು ಹೊಡದದ್ದು
ಅದರಾಗ ಹಾದು ಹೊರಗ ಬಿತ್ತು.
ರೆಫರಿ ಗೋಲಿಲ್ಲ ಅಂದ.
ಗೆದ್ದ ಎರಡರಾಗ ಒಂದು ಆ ಹರಕಿನದು.
ವಹಿಯೊಳಗ ಅದನ್ನ ಬರದಿಲ್ಲ.

ಇವತ್ತ ಸಂಜಿಕ ಸ್ಟೂಲಿನ ಮ್ಯಾಲ ನಿಂತೆ,
ನೈಲಾನ್ ದಾರ ಹಲ್ಲಾಗ ಕಚ್ಚಿ.
"ಮಾವ್ಶಿ, ಅದೊಂದು ಇರಲಿ ಬಿಡ್ರಿ," ಜಿನ್ನಪ್ಪ ಅಂದ.
ಓಂಕಾರ ನಕ್ಕ, ತಿಳದೋ ತಿಳೀದನೋ.
ಸಮೀವುಲ್ಲಾ ಮ್ಯಾಲ ನೋಡಲಿಲ್ಲ,
ಬಳ್ಳಿಗೆ ಪಟ್ಟಿ ಸುತಗೋತ ಅಂದ:
"ಹಾಕ್ರಿ ಗಂಟು."

ಹಾಕಿದೆ. ಜಗ್ಗಿ ನೋಡಿದೆ. ಬಿಗಿ ಐತಿ.

ನಾಕನೇದು ಅಂದಿದ್ನೆಲ್ಲ,
ಐದನೇದು ಅಂತ ಬರಕೋರಿ.
ಪೆನ್ಸಿಲಿಲೆ.