ಅದೇ ಫೋಟೋ, ಎರಡು ಸಲ

ಅವರು ಮೊದಲು ಬಂದಾಗ ಹಿಮ ಬೀಳುವ ತಿಂಗಳು.
ಆಲೂಗಡ್ಡೆಯನ್ನು ರಾತ್ರಿ ಬಯಲಿಗೆ ಹರವಿ
ಬೆಳಿಗ್ಗೆ ಬರಿಗಾಲಲ್ಲಿ ತುಳಿದು ಒಣಗಿಸುವ ಕಾಲ.
ಲೀಮಾದಿಂದ ಹದಿನಾಲ್ಕು ತಾಸು. ವ್ಯಾನಿನಿಂದ ಇಳಿದವಳೇ
ವರದಿಗಾರ್ತಿ ತಲೆ ಹಿಡಿದು ಕೂತಳು.
ನಮ್ಮ ಎತ್ತರ ಯಾರನ್ನೂ ಕೇಳಿ ಬಡಿಯುವುದಿಲ್ಲ.
ಕೋಕಾ ಎಲೆಯ ಕಷಾಯ ಕೊಟ್ಟೆ. ಕುಡಿದು ಸುಧಾರಿಸಿಕೊಂಡು
'ಟೀಚರ್, ಮಕ್ಕಳನ್ನು ಹೊರಗೆ ಕರೆಯಿರಿ,
ಒಳಗೆ ಬೆಳಕು ಸಾಲದು' ಅಂದಳು.

ಒಳಗೆ ಸಾಲದ್ದು ಬೆಳಕಲ್ಲ, ಪ್ಲಗ್ಗು.
ಇಡೀ ಶಾಲೆಗೆ ಒಂದೇ. ಅದರೆದುರು
ಮೂವತ್ತೊಂದು ಹಸಿರು ಲ್ಯಾಪ್‌ಟಾಪುಗಳು
ನಲ್ಲಿಯ ಮುಂದಿನ ಕೊಡಗಳ ಹಾಗೆ ಸರದಿಯಲ್ಲಿ.
ಎರ್ಮೆಲಿಂಡಾಳದ್ದಕ್ಕೆ ಅವತ್ತು ಪಾಳಿ ಬಂದಿರಲಿಲ್ಲ.

ಆದರೂ ಅವಳೇ ಬೇಕಂತೆ, ಕೆನ್ನೆ ಕೆಂಪಗಿವೆಯಂತೆ.
ಚಿಕ್ಕಮ್ಮನ ಹಬ್ಬದ ಟೋಪಿ ತರಿಸಿ ಇಟ್ಟರು.
ಫೋರ್ತುನಾತೋನ ಲಾಮಾ ಬಂದು ಹಿಂದೆ ನಿಂತಿತು,
ಬಾಡಿಗೆ ಎರಡು ಸೋಲ್.
'ಪರದೆ ನೋಡಿ ಬೆರಗಾಗು ಮಗೂ' ಅಂದ ಫೋಟೋದವನು.
ಆರಿದ ಪರದೆ, ಬಾವಿಯಷ್ಟು ಕಪ್ಪು.
ಅದರಲ್ಲಿ ಅವಳಿಗೆ ಕಂಡದ್ದು ಅವಳದೇ ಮುಖ,
ಮುಖದ ಹಿಂದೆ, ಟೋಪಿಯ ರಿಬ್ಬನ್ನನ್ನು
ನಿಧಾನ ಮೆಲ್ಲುತ್ತಿದ್ದ ಲಾಮಾ.
ನಕ್ಕಳು. ಕ್ಲಿಕ್.

'ಇದರೊಳಗಿನ ತಂತ್ರಾಂಶ ಬಿಟ್ಟಿಯಂತಲ್ಲ?' ಮೈಕು ನನ್ನ ಬಾಯಿಗೆ ಬಂತು.
ಬಿಟ್ಟಿ ಬೇರೆ, ಬಿಚ್ಚಿಟ್ಟದ್ದು ಬೇರೆ, ಅಂದೆ.
ಬಿಟ್ಟಿ ಊಟ ಉಂಡು ಕೈ ತೊಳೆದರೆ ಮುಗಿಯಿತು,
ಇದು ಅಡುಗೆಮನೆಯ ಬಾಗಿಲನ್ನೇ ತೆಗೆದಿಟ್ಟ ಹಾಗೆ,
ಉಪ್ಪು ಕಮ್ಮಿಯಾದರೆ ನಾವೇ ಹೋಗಿ...
'ಒಂದೇ ವಾಕ್ಯದಲ್ಲಿ ಹೇಳಿ' ಅಂದಳು.
ನನ್ನ ಹತ್ತಿರ ಒಂದೇ ವಾಕ್ಯ ಇರಲಿಲ್ಲ.

ಮೂರು ವಾರದ ಮೇಲೆ ಶಾವಿಗೆ ಸುತ್ತಿಕೊಂಡು ಬಂತು ಪತ್ರಿಕೆ:
'ಬೆಟ್ಟ ಹತ್ತಿತು ನಾಳೆ.'
ಕೆಳಗೆ ಎರ್ಮೆಲಿಂಡಾಳ ನಗು,
ಎಣ್ಣೆಯ ಕಲೆ ಹೊತ್ತು.

ಆಮೇಲೆ ನಡೆದದ್ದಕ್ಕೆ ಯಾರೂ ಬರಲಿಲ್ಲ.

ಮಳೆಗಾಲದ ಒಂದು ಮಧ್ಯಾಹ್ನ ಎಫ್ರಾಯಿನ್
ಯಂತ್ರದ ಮಾತುಗಳೆಲ್ಲ ಮಲಗಿದ್ದ ಕಡತ ಹುಡುಕಿದ.
'ಉಳಿಸು' ಅನ್ನುವ ಗುಂಡಿ ಸ್ಪ್ಯಾನಿಷಿನಲ್ಲಿತ್ತು.
ನಮ್ಮಲ್ಲಿ ಏನನ್ನುತ್ತೇವೆ, ಎಂದು ಅವನ ಅಜ್ಜಿಯನ್ನು ಕೇಳಿದೆವು.
ಬಿತ್ತನೆಗಡ್ಡೆಗೆ ಮಾಡ್ತೀವಲ್ಲ, ತಾಯಿ ಸತ್ತ ಕುರಿಮರಿಗೆ ಮಾಡ್ತೀವಲ್ಲ,
ವಕಾಯ್ಚಾಯ್, ಅಂದಳು ಮುದುಕಿ.
ಬರೆದ ಹುಡುಗ. ಅವಸರದಲ್ಲಿ ಬಾಲ ಬಿಟ್ಟ.
ಉಳಿದದ್ದು ವಕಾಯ್. ನಮ್ಮ ಕೆಚುವಾದಲ್ಲಿ
ಅಳು, ಅಂತ.

ಒಂದು ವಾರ ನಮ್ಮ ಶಾಲೆಯಲ್ಲಿ
ಲೆಕ್ಕ ಮುಗಿಸಿದವರು ಅಳು ಒತ್ತಿದರು,
ಹಕ್ಕಿ ಬರೆದವರು ಅಳು ಒತ್ತಿದರು.
ಒತ್ತಿದ್ದೆಲ್ಲ ಉಳಿಯಿತು.
ಲೀಮಾಕ್ಕೆ ಅರ್ಜಿ ಹೋಗಲಿಲ್ಲ, ರಿಪೇರಿಯವನು ಬರಲಿಲ್ಲ.
ಸೋಮವಾರ ಎಫ್ರಾಯಿನ್ ಮತ್ತೆ ಕಡತ ತೆರೆದು, ನಾಲಿಗೆ ಕಚ್ಚಿಕೊಂಡು,
ಬಾಲ ಅಂಟಿಸಿದ.
ಕೆಲವು ಮಕ್ಕಳು ಬೇಜಾರು ಮಾಡಿಕೊಂಡರು.

ಎರಡು ವರ್ಷ ಕಳೆದು ಫೋನು ಬಂತು. ಬೇರೆ ದನಿ, ಅದೇ ಪತ್ರಿಕೆ.
'ಎಷ್ಟು ಕೆಟ್ಟಿವೆ?' ಹದಿನೆಂಟು.
'ಗಣಿತದ ಅಂಕ ಏರಿತೇ?' ಇಲ್ಲ.
ಅಳುವಿನ ಕತೆ ಹೇಳಲು ಉಸಿರು ತೆಗೆದುಕೊಂಡೆ,
ಅಷ್ಟರಲ್ಲಿ ಆ ಕಡೆ ಥ್ಯಾಂಕ್ಸ್ ಅಂದಾಗಿತ್ತು.

'ಧೂಳು ತಿಂದ ಕನಸು.'
ಕೆಳಗೆ ಅದೇ ಟೋಪಿ, ಅದೇ ಹಲ್ಲು.
ಮೊದಲ ಸಲ ಹರಸಿದಂತಿದ್ದ ನಗು
ಈ ಸಲ ಮೋಸಹೋದವಳದು.
ಸುಳ್ಳು ಬರೆದಿದ್ದಾರೆ ಅನ್ನಲಾರೆ.
ಕೆಟ್ಟದ್ದು ಹದಿನೆಂಟೇ, ನಾನೇ ಎಣಿಸಿದ್ದು.

ಎರಡನ್ನೂ ಬೆಂಚಿನ ಮೇಲೆ ಪಕ್ಕಪಕ್ಕ ಇಟ್ಟೆ.
ಎರ್ಮೆಲಿಂಡಾ ಬಾಗಿ ಬಹಳ ಹೊತ್ತು ನೋಡಿದಳು,
ಅಂಚಿನ ಮೇಲೆ ಬೆರಳಾಡಿಸಿದಳು.
'ಟೀಚರ್,' ಅಂದಳು,
'ಎರಡರಲ್ಲೂ ಲಾಮಾನ ಕತ್ತರಿಸಿಬಿಟ್ಟಿದ್ದಾರೆ.'