ಅಲ್ ಧೈದ್‌ನಲ್ಲಿ ಗುರುತು ಹಚ್ಚುವ ಕೆಲಸ

ಕೆಂಪು ಬಳಿದರೆ ಕಡಿಯುವುದು, ಬಿಳಿಯಾದರೆ ಉಳಿಯಿತು.
ಡಬ್ಬ ನನ್ನ ಕೈಲಿ, ಪಟ್ಟಿ ಉಬೈದನ ಕೈಲಿ.

ಈ ಮುಳ್ಳಿನದಕ್ಕೆ ನಿಮ್ಮಲ್ಲೇನಂತಾರೆ? ಕೇಳಿದ.
ಬಳ್ಳಾರಿ ಜಾಲಿ.
ಓ, ನಿಮ್ಮ ಕಡೆಯದ್ದೋ!
ಅಲ್ಲಪ್ಪ, ಅಲ್ಲಿಗೂ ಯಾರೋ ತಂದು ಚೆಲ್ಲಿದ್ದು;
ಹೋದಲ್ಲೆಲ್ಲ ಅದಕ್ಕೆ
ಪಕ್ಕದೂರಿನ ಹೆಸರು.

ಗಾಫ್ ಮರಕ್ಕೆ ಬಿಳಿ ಬಳಿಸಿದ:
ಇದು ನಮ್ಮದು, ಅಪ್ಪಟ.
ನಾನು ಮಾತಾಡದೆ ಎರಡೆಲೆ ಚಿವುಟಿ
ಜೇಬಿಗಿಟ್ಟುಕೊಂಡೆ.
ಬನ್ನಿ.
ಬಂಗಾರ ಹಂಚಲು ಹನ್ನೊಂದು ದಿನ ಬಾಕಿ.

ಬಾವಿ ಬತ್ತಿದ್ದು ಸುಳ್ಳಲ್ಲ,
ಜಾಲಿ ಬುಡದಲ್ಲಿ ಹುಲ್ಲೂ ಏಳುವುದಿಲ್ಲ.
ಆದರೆ ರೊಟ್ಟಿ ಬಿಚ್ಚುವ ಹೊತ್ತಿಗೆ
ನಾವಿಬ್ಬರೂ ಕೂತದ್ದು
ಕೆಂಪು ಇನ್ನೂ ಒಣಗದ
ಆ ನೆರಳಲ್ಲೇ.

ಅಷ್ಟರಲ್ಲಿ ಸಾಲಿಮನ ಮೇಕೆಗಳು
ಕಾಯಿ ಮೆದ್ದು, ಹೊಟ್ಟೆಯಲ್ಲಿ ಬೀಜ ಹೊತ್ತು
ಬೇಲಿ ದಾಟಿ ಹೋದವು.